ಸಿಪಿ ಮಕ್ಕಳ ತಾಯಂದಿರು: ಧೈರ್ಯ ಹೇಳುವ ಮೊದಲು ದಿನಚರಿ ಕೇಳಿ

ಸೆರೆಬ್ರಲ್ ಪಾಲ್ಸಿ (ಸಿಪಿ, ಮಿದುಳಿಗೆ ಆದ ಹಾನಿಯಿಂದ ಮೈಕೈ ಚಲನೆಗೆ ತೊಂದರೆಯಾಗುವ ಸ್ಥಿತಿ) ಇರುವ ಮಕ್ಕಳಿಗೆ ಫಿಸಿಯೊಥೆರಪಿ ಕೊಡುವ ನಾವು ತಾಯಂದಿರಿಗೆ "ಧೈರ್ಯವಾಗಿರಿ ಅಮ್ಮಾ" ಎಂದು ಹೇಳಿ ಕಳಿಸುತ್ತೇವೆ. ಅವರ ದಿನದ ಹೊರೆಯಲ್ಲಿ ಒಂದು ಕೆಲಸ ಹಗುರಾಗುವ ತನಕ ಆ ಮಾತಿಗೆ ಬೆಲೆಯಿಲ್ಲ. ಮೊದಲ ಭೇಟಿಯಲ್ಲೇ ಬೆಳಗಿನಿಂದ ಮಲಗುವವರೆಗೆ ಏನೇನು ಮಾಡುತ್ತಾರೆ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ಕೇಳಿ ಬರೆದುಕೊಳ್ಳಿ.

ಬಹಳ ಮನೆಗಳಲ್ಲಿ ಹೆಚ್ಚು ಹೊತ್ತು ತಿನ್ನುವುದು ಊಟ ಮಾಡಿಸುವ ಕೆಲಸವೇ. ಮಗುವನ್ನು ತೊಡೆ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಸುರಿಯುತ್ತಾರೆ. ಆಹಾರ ಶ್ವಾಸನಾಳಕ್ಕೆ ಇಳಿದು ಕೆಮ್ಮು ಬರುತ್ತದೆ, ಕಫ ಕಟ್ಟುತ್ತದೆ, ಮತ್ತೆ ಮತ್ತೆ ನ್ಯುಮೋನಿಯಾ. ಪ್ರತಿ ತುತ್ತಿಗೂ ತಾಯಿಯ ಎದೆ ಹೊಡೆದುಕೊಳ್ಳುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿ, ಸೊಂಟ, ಮಂಡಿ ಮಡಚಿರಲಿ, ಪಾದಕ್ಕೆ ಆಸರೆ ಇರಲಿ, ಗಲ್ಲ ತುಸು ಕೆಳಗಿರಲಿ. ತಾಯಿ ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲಿ ಕೂತು ಚಮಚವನ್ನು ಮುಂದಿನಿಂದ ತರಬೇಕು. ಮೇಲಿನಿಂದ ತಂದರೆ ತಲೆ ಮತ್ತೆ ಹಿಂದಕ್ಕೆ ಹೋಗುತ್ತದೆ. ಅರ್ಧ ಚಮಚ ಕೊಟ್ಟು ನುಂಗುವ ತನಕ ಕಾಯಿರಿ. ತಿಳಿ ಸಾರಿಗಿಂತ ನುಣ್ಣಗೆ ಮಿದ್ದ ಅನ್ನ, ಗಟ್ಟಿ ರಾಗಿ ಗಂಜಿ ಸಾಮಾನ್ಯವಾಗಿ ಸುರಕ್ಷಿತ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಇಷ್ಟಾದರೂ ಒಂದೊಂದು ಊಟಕ್ಕೆ 30 ನಿಮಿಷ ಮೀರುತ್ತಿದ್ದರೆ, ಉಂಡ ಮೇಲೆ ಗಂಟಲು ಗೊರಗೊರ ಎನ್ನುತ್ತಿದ್ದರೆ ನುಂಗುವಿಕೆಯ ಪರೀಕ್ಷೆಗೆ ಕಳಿಸಲೇಬೇಕು.

ಎತ್ತುವ ವಿಧಾನವನ್ನೂ ಕೈ ಹಿಡಿದು ತೋರಿಸಿ. ಮೈ ಬಿಗಿ ಇರುವ ಮಗುವನ್ನು ಕಂಕುಳಲ್ಲಿ ಹಿಡಿದೆಳೆದರೆ ಕಾಲುಗಳು ಕತ್ತರಿಯಂತೆ ಇನ್ನಷ್ಟು ಸೆಟೆಯುತ್ತವೆ, ತಾಯಿಯ ಬೆನ್ನು ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ, ಸೊಂಟ, ಮಂಡಿ ಮಡಚಿ, ಮೈಗೆ ಅವುಚಿಕೊಂಡು, ತಾಯಿ ತಮ್ಮ ಮಂಡಿಯ ಬಲದಲ್ಲಿ ಏಳಬೇಕು.

ಹತ್ತು ವ್ಯಾಯಾಮಗಳ ಚೀಟಿ ಕೊಡಬೇಡಿ. ಅಷ್ಟು ಮಾಡಲಾಗದೆ ತಪ್ಪಿತಸ್ಥ ಭಾವ ಕಾಡುತ್ತದೆ, ಮುಂದಿನ ಸಲ "ಎಲ್ಲಾ ಮಾಡಿದೆ" ಎನ್ನುತ್ತಾರೆ. ಎರಡು ಸಾಕು, ಅವೂ ದಿನಚರಿಯೊಳಗೇ ಬರಲಿ: ಬಟ್ಟೆ ಬದಲಿಸುವಾಗ ನಿಧಾನವಾಗಿ ತೊಡೆ ಅಗಲಿಸುವುದು, ಟಿವಿ ನೋಡುವಾಗ ಸ್ಪ್ಲಿಂಟ್ (ಕೈಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆಪಟ್ಟಿ) ಹಾಕಿ ಕೂರಿಸುವುದು. "ಮಾಡಿದಿರಾ?" ಎನ್ನುವ ಬದಲು "ಯಾವುದು ಕಷ್ಟವಾಯಿತು?" ಎಂದು ಕೇಳಿ.

ತಂದೆಗೆ "ಸ್ವಲ್ಪ ಸಹಾಯ ಮಾಡಿ" ಎಂದರೆ ಏನೂ ಆಗುವುದಿಲ್ಲ. ರಾತ್ರಿಯ ಊಟವೋ ಸ್ನಾನವೋ ಒಂದು ಕೆಲಸ ಪೂರ್ತಿ ಅವರದೇ ಆಗಲಿ, ನಿಮ್ಮೆದುರೇ ಮಾಡಿಸಿ. "ಬಸುರಿಯಲ್ಲಿ ಏನೋ ತಪ್ಪು ಮಾಡಿರಬೇಕು" ಎನ್ನುವ ಅತ್ತೆಗೆ ಮಿದುಳಿಗೆ ಆದ ಹಾನಿಯ ಬಗ್ಗೆ ನೀವೇ ಹೇಳಬೇಕು. ಸೊಸೆಯ ಬಾಯಲ್ಲಿ ಬಂದರೆ ಅದು ವಾದವಾಗುತ್ತದೆ.

ಕಾಗದಪತ್ರಗಳನ್ನು ಒಂದೊಂದಾಗಿ ಮಾಡಿಸಿ. ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ಆಮೇಲೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ಇದರಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ, ಥೆರಪಿಯೂ ಸೇರಿದೆ. ಅರ್ಜಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ.

ಮಗು ಮಲಗಿದರೂ ತಾಯಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂಬ ಸ್ಥಿತಿ ಎರಡು ವಾರ ದಾಟಿದರೆ ಅದು ಬರೀ ದಣಿವಲ್ಲ. "ನಾವಿಬ್ಬರೂ ಇಲ್ಲದಿದ್ದರೇ ವಾಸಿ" ಎಂಬ ಮಾತು ಬಂದರೆ ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಮನೆಗೆ ಕಳಿಸದೆ, ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಂದೇ ಮನೋವೈದ್ಯರ ಬಳಿಗೆ ಯಾರು ಕರೆದೊಯ್ಯುತ್ತಾರೆ, ಅಷ್ಟು ಹೊತ್ತು ಮಗು ಯಾರ ಹತ್ತಿರ ಇರುತ್ತದೆ ಎಂಬುದೂ ಅವರು ಹೊರಡುವ ಮುಂಚೆಯೇ ಗೊತ್ತಾಗಬೇಕು.