ಚೈನಾ ಕ್ಯಾಂಪಿನ ಕಾಡುದಾರಿಗೆ ನಮ್ಮ ಸೈಕಲ್ ಸಾಕಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡದವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಚೈನಾ ಕ್ಯಾಂಪಿಗೆ ಹೋಗೋಣ ಅಂತಿದೀವಿ. ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಸೈಕಲ್ ಇದೆ. ಅದು ಸಾಕಾ, ಇಲ್ಲಾ ಮೂರ್ನಾಲ್ಕು ಸಾವಿರ ಡಾಲರ್ ಕೊಟ್ಟು ಫುಲ್ ಸಸ್ಪೆನ್ಷನ್ ತಗೋಬೇಕಾ?"

ಸಾಕು. ದುಡ್ಡು ಬಿಚ್ಚಲೇಬೇಕು ಅಂತಿದ್ದರೆ ಟೈರಿಗೂ ಬ್ರೇಕಿಗೂ ಬಿಚ್ಚಿ. ಆ ಕಾಡಿನಲ್ಲಿ ಬೀಳುವವರು ಬೀಳುವುದು ಹಿಂದಿನ ಸಸ್ಪೆನ್ಷನ್ ಇಲ್ಲದೆ ಅಲ್ಲ. ಟೈರಿನಲ್ಲಿ ಗಾಳಿ ಜಾಸ್ತಿಯಾಗಿ, ಬ್ರೇಕ್ ಹಿಡಿಯುವ ಜಾಗ ತಪ್ಪಿ, ಸೀಟು ಎತ್ತರವಾಗಿ ಬೀಳುತ್ತಾರೆ.

ಮೊದಲು ಜಾಗದ ಬಗ್ಗೆ ಎರಡು ಮಾತು. ಸ್ಯಾನ್ ರಫಾಯೆಲ್ ಊರಿನ ಪೂರ್ವಕ್ಕೆ, ಸ್ಯಾನ್ ಪಾಬ್ಲೊ ಕೊಲ್ಲಿಯ ದಂಡೆಗೆ ಒರಗಿಕೊಂಡಂತಿರುವ ಸುಮಾರು 1,500 ಎಕರೆಯ ಸ್ಟೇಟ್ ಪಾರ್ಕ್ ಚೈನಾ ಕ್ಯಾಂಪ್. 1880ರ ದಶಕದಲ್ಲಿ ಸೀಗಡಿ ಹಿಡಿದು ಬದುಕುತ್ತಿದ್ದ ಸುಮಾರು 500 ಮಂದಿ ಚೀನೀಯರ ಹಳ್ಳಿ ಇಲ್ಲಿತ್ತು. ಹೆಸರು ಅಲ್ಲಿಂದ ಬಂದದ್ದು. ಬಜೆಟ್ ಕಡಿತದಲ್ಲಿ ಬಾಗಿಲು ಹಾಕುವ ಪಟ್ಟಿಗೆ ಸೇರಿದಾಗ ಸ್ಥಳೀಯರೇ ಕೈಗೆತ್ತಿಕೊಂಡರು. 2012ರಿಂದ ನಡೆಸುತ್ತಿರುವುದು 'ಫ್ರೆಂಡ್ಸ್ ಆಫ್ ಚೈನಾ ಕ್ಯಾಂಪ್' ಎಂಬ ಸಂಸ್ಥೆ. ಹಾಗಾಗಿ ಪಾರ್ಕಿಂಗಿಗೂ ಟ್ರೇಲ್ ಪಾಸಿಗೂ ಕೊಡುವ ದುಡ್ಡು ತಪ್ಪಿಸುವ ಜಾಣತನ ಬೇಡ. ದಾರಿ ರಿಪೇರಿಯಾಗುವುದು ಅದರಿಂದಲೇ.

ಕ್ಯಾಲಿಫೋರ್ನಿಯಾದ ಹೆಚ್ಚಿನ ಸ್ಟೇಟ್ ಪಾರ್ಕುಗಳಲ್ಲಿ ಸೈಕಲ್ಲಿಗೆ ಅವಕಾಶ ಇರುವುದು ಫೈರ್ ರೋಡಿನಲ್ಲಿ, ಅಂದರೆ ಬೆಂಕಿ ಆರಿಸುವ ವಾಹನಗಳಿಗೆಂದು ಮಾಡಿದ ಅಗಲವಾದ ಮಣ್ಣುರಸ್ತೆಯಲ್ಲಿ ಮಾತ್ರ. ಒಬ್ಬರು ಹೋಗುವಷ್ಟೇ ಅಗಲದ ಸಿಂಗಲ್ ಟ್ರ್ಯಾಕ್ ನಡೆಯುವವರಿಗೆ ಮೀಸಲು. ಈ ಪಾರ್ಕ್ ಇರುವ ಮರಿನ್ ಕೌಂಟಿಯಲ್ಲಂತೂ ಇದು ವಿಚಿತ್ರ. ಮೌಂಟನ್ ಬೈಕಿಂಗ್ ಕಣ್ಣುಬಿಟ್ಟ ಊರುಗಳಲ್ಲೇ ಅದಕ್ಕೆ ಬಹುಪಾಲು ಬಾಗಿಲು ಮುಚ್ಚಿದೆ. ಚೈನಾ ಕ್ಯಾಂಪ್ ಇದಕ್ಕೆ ಅಪವಾದ. ಶೋರ್‌ಲೈನ್, ಬೇ ವ್ಯೂ ಎಂಬ ಎರಡೂ ಉದ್ದದ ದಾರಿಗಳು ಸೈಕಲ್ಲಿಗೆ ತೆರೆದಿವೆ. ಎರಡನ್ನೂ ಸೇರಿಸಿ ಒಂದು ಸುತ್ತು ಹಾಕಿದರೆ ಸುಮಾರು 10 ಮೈಲಿ. ಶೋರ್‌ಲೈನ್ ಕೊಲ್ಲಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಏರಿಳಿಯುತ್ತ ಸಾಗುತ್ತದೆ. ಬೇ ವ್ಯೂ ಓಕ್, ಬೇ ಲಾರೆಲ್, ಮಡ್ರೋನ್ ಮರಗಳ ನಡುವೆ ನಿಧಾನಕ್ಕೆ ಸುಮಾರು 600 ಅಡಿವರೆಗೆ ಹತ್ತಿಸುತ್ತದೆ. ಮೊದಲ ಸಲ ಹೋಗುವವರು ಬ್ಯಾಕ್ ರ‍್ಯಾಂಚ್ ಮೆಡೋಸ್ ಕ್ಯಾಂಪ್‌ಗ್ರೌಂಡಿನಲ್ಲಿ ಕಾರು ನಿಲ್ಲಿಸಿ ಶೋರ್‌ಲೈನಿನಲ್ಲೇ ಹೋಗಿ ಶೋರ್‌ಲೈನಿನಲ್ಲೇ ವಾಪಸ್ ಬನ್ನಿ. ದಾರಿಯ ಪರಿಚಯವಾದ ಮೇಲೆ ಬೇ ವ್ಯೂ.

ಸಸ್ಪೆನ್ಷನ್ ಇಲ್ಲದೆ ಆಗಲ್ಲ ಅನ್ನುವವರಿಗೆ ಇಲ್ಲಿಂದ ಹೆಚ್ಚು ದೂರವಿಲ್ಲದ ಫೇರ್‌ಫ್ಯಾಕ್ಸಿನ ಕಥೆ ಹೇಳಬೇಕು. 1976ರ ಅಕ್ಟೋಬರ್ 21ರಂದು ಅಲ್ಲಿನ ಒಂದು ಫೈರ್ ರೋಡಿನಲ್ಲಿ ರೀಪ್ಯಾಕ್ ರೇಸ್ ಶುರುವಾಯಿತು. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿತ. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮುಂತಾದವರು ಇಳಿಸಿದ್ದು 1930–40ರ ದಶಕದ ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು. ಸಸ್ಪೆನ್ಷನ್ ಅನ್ನುವ ಮಾತೇ ಇರಲಿಲ್ಲ. ಕೈಕೊಡುತ್ತಿದ್ದದ್ದು ಬ್ರೇಕು. ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಕೋಸ್ಟರ್ ಬ್ರೇಕಿನ ಹಬ್ (ಚಕ್ರದ ನಡುಭಾಗ) ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹೊಸ ಗ್ರೀಸು ತುಂಬಬೇಕಿತ್ತು. ಇವತ್ತಿನ ಡಿಸ್ಕ್ ಬ್ರೇಕಿನಲ್ಲೂ ಬಿಸಿಯೇ ಶತ್ರು. ಆ ವಿಷಯ ಆಮೇಲೆ.

ಆದರೆ 'ಸಾಕು' ಅಂದದ್ದು ಯಾವ ಸೈಕಲ್ಲಿಗೆ ಅನ್ನುವುದನ್ನು ಬಿಡಿಸಿ ಹೇಳಬೇಕು. ದೊಡ್ಡ ಅಂಗಡಿಗಳಲ್ಲಿ ಇನ್ನೂರು ಡಾಲರಿಗೆ ಸಿಗುವ, ನೋಡಲು ಮೌಂಟನ್ ಬೈಕಿನಂತಿರುವ ಎಷ್ಟೋ ಸೈಕಲ್‌ಗಳ ಫ್ರೇಮಿನ ಮೇಲೇ ಕಚ್ಚಾದಾರಿಗೆ ಬಳಸಬಾರದು ಅಂತ ಸಣ್ಣಕ್ಷರದ ಸ್ಟಿಕ್ಕರ್ ಇರುತ್ತದೆ. ಒಮ್ಮೆ ಹುಡುಕಿ ನೋಡಿ. 35 ಮಿ.ಮೀ. ಅಗಲದ (700×35) ಟೈರಿನ ಹೈಬ್ರಿಡ್ ಸೈಕಲ್ ಆದರೆ ಒಣಗಿದ ಫೈರ್ ರೋಡಿಗೆ ಪರವಾಗಿಲ್ಲ, ಬೇರು ಕಲ್ಲಿನ ಸಿಂಗಲ್ ಟ್ರ್ಯಾಕಿಗೆ ಬೇಡ. ಮುಂದೆ 100 ಮಿ.ಮೀ. ಅಥವಾ ಹೆಚ್ಚು ಕುಗ್ಗುವ ಸಸ್ಪೆನ್ಷನ್ ಫೋರ್ಕು, ಎರಡೂ ಕಡೆ ಡಿಸ್ಕ್ ಬ್ರೇಕು, 2.2 ಇಂಚಿಗೆ ಕಮ್ಮಿಯಿಲ್ಲದ ಟೈರು ಇಷ್ಟಿದ್ದರೆ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್, ಸಾಕು.

ಈಗ ಟೈರಿಗೆ ಬರೋಣ. ಹೊಸಬರ ಸೈಕಲ್ಲಿನಲ್ಲಿ ಕಾಣುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ. ಟೈರಿನ ಗೋಡೆಯ ಮೇಲೆ "ಗರಿಷ್ಠ 50 ಪಿಎಸ್‌ಐ" (ಗಾಳಿಯ ಒತ್ತಡದ ಅಳತೆ) ಅಂತಿರುತ್ತದೆ, ಓದಿದವರು 45 ತುಂಬಿಕೊಂಡು ಬರುತ್ತಾರೆ. ಅದು ತಡೆದುಕೊಳ್ಳುವ ಮಿತಿ, ಓಡಿಸುವ ಅಳತೆ ಅಲ್ಲ. 45ರಲ್ಲಿ ಟೈರು ಕಲ್ಲನ್ನು ತಬ್ಬಿಕೊಳ್ಳುವುದಿಲ್ಲ, ಪುಟಿಯುತ್ತದೆ. ನೆಲಕ್ಕೆ ತಾಗುವ ಜಾಗ ಕಿರಿದಾಗಿ ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ಬೇ ಲಾರೆಲಿನ ಒಣ ಎಲೆ ಬಿದ್ದಿರುವ ಕಡೆ ಇನ್ನೂ ಬೇಗ.

70 ಕಿಲೋ ತೂಗುವವರು, 29 ಇಂಚಿನ ಚಕ್ರ, 2.3 ಅಗಲದ ಟೈರು ಅಂದುಕೊಳ್ಳಿ. ಟ್ಯೂಬ್ ಇದ್ದರೆ ಮುಂದೆ 25, ಹಿಂದೆ 28ರಿಂದ ಶುರು ಮಾಡಿ. ಟ್ಯೂಬ್‌ಲೆಸ್ ಆದರೆ ಮುಂದೆ 22, ಹಿಂದೆ 25. ಬೇರುಗಳಿರುವ ಒಂದು ಇನ್ನೂರು ಮೀಟರ್ ತುಂಡನ್ನು ಆರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಓಡಿಸಿ, ಪ್ರತಿ ಸಲ 1 ಪಿಎಸ್‌ಐ ಇಳಿಸುತ್ತ ಹೋಗಿ. ರಿಮ್ ಕಲ್ಲಿಗೆ ಬಡಿದ 'ಟಣ್' ಸದ್ದು ಕೇಳಿಸಿದರೆ, ಅಥವಾ ತಿರುವಿನಲ್ಲಿ ಟೈರು ಮಗುಚಿದಂತಾದರೆ, 2 ಏರಿಸಿ ನಿಲ್ಲಿಸಿ. ಅದು ನಿಮ್ಮ ಅಳತೆ. ಬೇರೆಯವರ ಅಳತೆ ನಿಮಗೆ ಉಪಯೋಗವಿಲ್ಲ. ಇಷ್ಟು ಸೂಕ್ಷ್ಮ ನೋಡಲು 160ರವರೆಗೆ ತೋರಿಸುವ ಪಂಪಿನ ಮುಳ್ಳು ನಂಬಲು ಯೋಗ್ಯವಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಡಿಜಿಟಲ್ ಗೇಜ್ ಒಂದು ತೆಗೆದುಕೊಳ್ಳಿ.

ಟ್ಯೂಬ್ ಹಾಕಿ ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿಕೊಂಡು ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ಒಂದೇ ತೂತಾದರೆ ಮುಳ್ಳು, ಜೋಡಿ ಸೀಳಾದರೆ ಗಾಳಿ ಕಮ್ಮಿ. ಈ ಕಾರಣಕ್ಕೇ ಟ್ಯೂಬ್‌ಲೆಸ್ ಒಳ್ಳೆಯದು. ರಿಮ್ಮೂ ಟೈರೂ ಎರಡೂ 'ಟ್ಯೂಬ್‌ಲೆಸ್ ರೆಡಿ' ಆಗಿದ್ದರೆ ಮನೆಯಲ್ಲೇ ಮಾಡಬಹುದು. ರಿಮ್ಮಿನ ಒಳ ಅಗಲಕ್ಕಿಂತ 2–3 ಮಿ.ಮೀ. ಹೆಚ್ಚು ಅಗಲದ ಟೇಪು ಬೇಕು. ಮೊದಲು ರಿಮ್ಮನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ವಾಲ್ವ್ ತೂತಿಗಿಂತ ಒಂದು ಗೇಣು ಹಿಂದಿನಿಂದ ಶುರು ಮಾಡಿ, ಟೇಪನ್ನು ಬಿಗಿಯಾಗಿ ಎಳೆದುಕೊಂಡೇ ಸುತ್ತಿ, ತೂತನ್ನು ದಾಟಿ ಇನ್ನೊಂದು ಗೇಣಿಗೆ ಮುಗಿಸಿ. ವಾಲ್ವ್ ಕೂರಿಸಿ ಟೈರು ಹಾಕಿ. ಅಂಚಿಗೆ ಸೋಪುನೀರು ಸವರಿ, ವಾಲ್ವಿನ ಒಳತಿರುಳು ಬಿಚ್ಚಿ, ಪಂಪಿನಿಂದ ಜೋರಾಗಿ ಗಾಳಿ ಬಿಡಿ. ಟೈರಿನ ಅಂಚು ರಿಮ್ಮಿಗೆ ಕೂತಾಗ ಪಟ್ ಪಟ್ ಅನ್ನುತ್ತದೆ. ಅನ್ನಲಿಲ್ಲವೆಂದು ಟೈರು, ರಿಮ್ಮುಗಳ ಮೇಲೆ ಬರೆದ ಮಿತಿ ದಾಟಬೇಡಿ. ಇನ್ನಷ್ಟು ಸೋಪು ಹಚ್ಚಿ ಮತ್ತೆ ಮಾಡಿ. ಆಮೇಲೆ ಗಾಳಿ ಬಿಟ್ಟು, ವಾಲ್ವಿನ ಮೂಲಕವೇ ಸಣ್ಣ ತೂತು ಮುಚ್ಚುವ ದ್ರವವಾದ ಸೀಲಂಟ್ 100 ಮಿ.ಲೀ. ಹಾಕಿ, ತಿರುಳು ಕೂರಿಸಿ, ಗಾಳಿ ತುಂಬಿ, ಅಲುಗಾಡಿಸಿ, ಚಕ್ರವನ್ನು ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಮಲಗಿಸಿಡಿ.

ಮಾರನೆ ದಿನ ಗಾಳಿ ಇಳಿದಿದ್ದರೆ ಸೋಪುನೀರು ಹಾಕಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಚಕ್ರದ ಕಡ್ಡಿಗಳ ಬುಡದಲ್ಲಿ ಬಂದರೆ ಟೇಪು ಎಲ್ಲೋ ಎದ್ದಿದೆ, ಬಿಚ್ಚಿ ಹೊಸದು ಸುತ್ತುವುದೇ ದಾರಿ. ವಾಲ್ವಿನ ಬುಡದಲ್ಲಾದರೆ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ, ಇಕ್ಕಳ ಬೇಡ. ಅಂಚಿನಲ್ಲಾದರೆ ನಾಲ್ಕು ಮೈಲಿ ಓಡಿಸಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಒಣ ಬೇಸಿಗೆಯಲ್ಲಿ ಸೀಲಂಟ್ ಎರಡು ಮೂರು ತಿಂಗಳಿಗೆ ಒಣಗಿ ರಬ್ಬರಿನ ಉಂಡೆಯಾಗುತ್ತದೆ. ಒಮ್ಮೆ ಹಾಕಿ ಮರೆತವರಿಗೆ ಮುಳ್ಳು ಚುಚ್ಚಿದಾಗ ಗೊತ್ತಾಗುತ್ತದೆ. ಆದ್ದರಿಂದ ಟ್ಯೂಬ್‌ಲೆಸ್ ಇದ್ದರೂ ಚೀಲದಲ್ಲಿ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರು, ಪಂಪು, ತೂತಿಗೆ ತುರುಕುವ ಪ್ಲಗ್ಗು ಇರಲೇಬೇಕು. ಜೊತೆಗೆ ನಿಮ್ಮ ಗೇರಿಗೆ ಹೊಂದುವ, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್ ಕೂಡ. 12 ಸ್ಪೀಡಿಗೆ 10 ಸ್ಪೀಡಿನದು ಕೂರುವುದಿಲ್ಲ.

ಬ್ರೇಕು. ಇಳಿಜಾರಿನಲ್ಲಿ ಭಯಕ್ಕೆ ಎರಡೂ ಲಿವರನ್ನು ಉದ್ದಕ್ಕೂ ಅರೆಬರೆ ಹಿಡಿದೇ ಬರುವುದು ಸಾಮಾನ್ಯ. ಆಗ ರೋಟರ್ (ಬ್ರೇಕಿನ ಲೋಹದ ತಟ್ಟೆ) ಆರಲು ಸಮಯವೇ ಸಿಗುವುದಿಲ್ಲ, ಅದನ್ನು ಒತ್ತಿ ಹಿಡಿಯುವ ಪ್ಯಾಡು ಹೊಳಪು ಹಿಡಿಯುತ್ತದೆ, ಕೊನೆಗೆ ಬೇಕಾದಾಗ ಹಿಡಿತವಿರುವುದಿಲ್ಲ. ನೇರ ಇರುವ ಕಡೆ ಜೋರಾಗಿ ಹಿಡಿದು ವೇಗ ಇಳಿಸಿ, ತಿರುವಿಗೆ ಮುಂಚೆ ಬಿಟ್ಟುಬಿಡಿ. ತಿರುವಿನೊಳಗೆ ಮುಂದಿನ ಬ್ರೇಕ್ ಒತ್ತಿದರೆ ಟೈರಿನ ಹಿಡಿತವೆಲ್ಲ ನಿಲ್ಲಿಸುವುದಕ್ಕೇ ಖರ್ಚಾಗಿ, ತಿರುಗಲು ಏನೂ ಉಳಿಯುವುದಿಲ್ಲ. ಹೊಸ ಪ್ಯಾಡ್ ಹಾಕಿಸಿದ್ದರೆ ಸಪಾಟು ರಸ್ತೆಯಲ್ಲಿ ಇಪ್ಪತ್ತು ಇಪ್ಪತ್ತೈದು ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, ಇಪ್ಪತ್ತು ಸಲ ಇಳಿಸಿ. ಆಮೇಲೆ ಕಾಡಿಗೆ ಹೋಗಿ. ಕೀರಲು ಸದ್ದು ಬರುತ್ತ ಹಿಡಿತವೇ ಇಲ್ಲದಿದ್ದರೆ ಚೈನಿಗೆ ಹೊಡೆದ ಸ್ಪ್ರೇ ಎಣ್ಣೆ ರೋಟರಿಗೆ ಹಾರಿರುತ್ತದೆ. ರೋಟರನ್ನು ಆಲ್ಕೊಹಾಲಿನಲ್ಲಿ ಒರೆಸಬಹುದು; ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಸರಿ. ಸ್ಟವ್ ಮೇಲೆ ಸುಡುವ ವಿಡಿಯೊಗಳನ್ನು ನಂಬಬೇಡಿ.

ಸೀಟಿಗೆ ಖರ್ಚೇ ಇಲ್ಲ. ಹತ್ತುವಾಗಿನ ಎತ್ತರಕ್ಕೆ ಸೀಟ್‌ಪೋಸ್ಟಿನ ಮೇಲೆ ಒಂದು ಟೇಪು ಅಂಟಿಸಿ. ಇಳಿಯುವ ಮುಂಚೆ ನಾಲ್ಕು ಬೆರಳಿನಷ್ಟು ಕೆಳಗಿಳಿಸಿ, ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು ಎದ್ದು ನಿಲ್ಲಿ. ಮೊಣಕಾಲೇ ನಿಮ್ಮ ಹಿಂದಿನ ಸಸ್ಪೆನ್ಷನ್. ಹ್ಯಾಂಡಲಿನಿಂದಲೇ ಇಳಿಸುವ ಡ್ರಾಪರ್ ಪೋಸ್ಟ್ ಸಿಕ್ಕರೆ ಫುಲ್ ಸಸ್ಪೆನ್ಷನ್‌ಗಿಂತ ಮೊದಲು ಅದನ್ನು ಹಾಕಿಸಿ.

ಪ್ರಶ್ನೆಯಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ವಿಷಯ ಮಳೆಯದು. ದಾರಿಯನ್ನು ಕಡಿಯುವಾಗ ಇಳಿಜಾರಿನ ಕಡೆಗೆ ಸ್ವಲ್ಪ ಓರೆ ಇಟ್ಟಿರುತ್ತಾರೆ, ನೀರು ಅಡ್ಡಕ್ಕೆ ಹರಿದು ಹೋಗಲಿ ಅಂತ. ಒದ್ದೆ ಜೇಡಿಯಲ್ಲಿ ಒಂದು ಚಕ್ರ ಹೋದರೆ ಉದ್ದಕ್ಕೂ ಗೆರೆ ಕೊರೆಯುತ್ತದೆ. ಬಿಸಿಲಿಗೆ ಅದು ಹಾಗೇ ಗಟ್ಟಿಯಾಗುತ್ತದೆ. ಮುಂದಿನ ಮಳೆಗೆ ನೀರು ಅಡ್ಡ ಹೋಗದೆ ಆ ಗೆರೆಯಲ್ಲೇ ಇಳಿದು ಕಾಲುವೆ ಮಾಡುತ್ತದೆ. ಟೈರಿಗೆ ಮಣ್ಣು ಮೆತ್ತುತ್ತಿದ್ದರೆ, ಹಿಂತಿರುಗಿ ನೋಡಿದಾಗ ಗುರುತು ಆಳವಾಗಿ ಕಂಡರೆ, ವಾಪಸ್ ಹೋಗಿ. ಕೊಚ್ಚೆ ಸಿಕ್ಕರೆ ನಡುವೆಯೇ ದಾಟಿ. ಪಕ್ಕದಿಂದ ಸುತ್ತಿದರೆ ಸಿಂಗಲ್ ಟ್ರ್ಯಾಕ್ ಎತ್ತಿನಗಾಡಿ ರಸ್ತೆಯಾಗುತ್ತದೆ. ಸಮುದ್ರದ ಉಬ್ಬರ ಜೋರಿರುವ ದಿನಗಳಲ್ಲಿ ಪಾರ್ಕಿಗೆ ಹೋಗುವ ನಾರ್ತ್ ಸ್ಯಾನ್ ಪೆಡ್ರೊ ರಸ್ತೆಯ ಮೇಲೇ ನೀರು ನಿಲ್ಲುವುದುಂಟು, ಚಳಿಗಾಲದಲ್ಲಿ ಹೊರಡುವ ಮುಂಚೆ ಉಬ್ಬರದ ವೇಳೆ ನೋಡಿಕೊಳ್ಳಿ.

ವೇಗಮಿತಿ ಗಂಟೆಗೆ 15 ಮೈಲಿ, ಯಾರನ್ನಾದರೂ ದಾಟುವಾಗ 5. ದಾರಿ ಎರಡೂ ದಿಕ್ಕಿನದು, ತಿರುವುಗಳು ಕುರುಡು, ಗಂಟೆ ಕಟ್ಟಿಕೊಳ್ಳಿ. ನಡೆಯುವವರಿಗೂ ಕುದುರೆಗೂ ಸೈಕಲ್ ದಾರಿ ಬಿಡಬೇಕು. ಇಳಿಯುವವರು ಹತ್ತುವವರಿಗೆ ಬಿಡಬೇಕು. ಕುದುರೆ ಎದುರಾದರೆ ಇಳಿದು, ದಾರಿಯ ತಗ್ಗಿನ ಬದಿಗೆ ನಿಂತು, ಸವಾರರನ್ನು ಮಾತನಾಡಿಸಿ. ಹೆಲ್ಮೆಟ್ಟಿನ ಆಕೃತಿ ಮನುಷ್ಯ ಅಂತ ಕುದುರೆಗೆ ತಿಳಿಯುವುದು ಧ್ವನಿಯಿಂದ.

ಕೊನೆಗೆ ಪಾಯ್ಸನ್ ಓಕ್. ತಾಗಿದರೆ ಮೈಗೆ ತುರಿಕೆ, ಬೊಬ್ಬೆ ತರುವ, ಮೂರು ಮೂರು ಎಲೆಯ ಈ ಗಿಡ ಬೇ ವ್ಯೂ ಪಕ್ಕ ಧಾರಾಳವಾಗಿದೆ. ಮಾವು, ಗೇರುಗಳ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಸುಟ್ಟವರಿಗೆ, ಮಲೆನಾಡಿನಲ್ಲಿ ಹೊಳೆಗೇರು ಮರದ ಹತ್ತಿರ ಹೋಗಬೇಡ ಅಂತ ಬೈಸಿಕೊಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಇದ್ದಾಗಲೂ ಅದರ ಎಣ್ಣೆ ತಾಗುತ್ತದೆ, ಆಗ ಗುರುತಿಸುವುದು ಇನ್ನೂ ಕಷ್ಟ. ಉಣುಗೂ ಇದೆ, ವಸಂತದಲ್ಲಿ ಸಿಗುವ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ, ಲೈಮ್ ಕಾಯಿಲೆ ಹರಡುತ್ತದೆ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಪಾಯ್ಸನ್ ಓಕ್ ಎಣ್ಣೆ ಹೋಗಲು, ಮನೆಗೆ ಬಂದ ಕೂಡಲೇ ಕೈಕಾಲನ್ನು ಪಾತ್ರೆ ತೊಳೆಯುವ ಸೋಪು, ತಣ್ಣೀರು, ಒರಟು ಬಟ್ಟೆಯಲ್ಲಿ ಉಜ್ಜಿ ತೊಳೆದು, ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಹ್ಯಾಂಡಲಿನ ಗ್ರಿಪ್ಪು, ಬ್ರೇಕ್ ಲಿವರು, ಶೂ ದಾರ ಇವನ್ನೂ ಅದೇ ಸೋಪಿನಲ್ಲಿ ಒರೆಸಿ. ಎಣ್ಣೆ ಅಲ್ಲೇ ಕೂತಿದ್ದು ಮುಂದಿನ ವಾರ ಕೈಗೆ ಹತ್ತುತ್ತದೆ.