ಮೊದಲು ಮೊಟ್ಟೆಯೋ, ಮೊದಲು ಹೊಟ್ಟೆಯೋ?

ಪರಾವಲಂಬಿ ಕಣಜಗಳ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಬೇರೆ ಹುಳುಗಳ ಮೈಯಲ್ಲಿ ಮೊಟ್ಟೆ ಇಡೋದಕ್ಕೇ ಇಷ್ಟು ಅಲೆಯುವ ಕಣಜ ತನ್ನ ಊಟ ಯಾವಾಗ ಮಾಡುತ್ತೆ?"

ಅದರ ಹಸಿವೇ ಇದನ್ನು ತೀರ್ಮಾನಿಸುತ್ತದೆ.

1990ರಲ್ಲಿ ಲೂಯಿಸ್ ಮತ್ತು ತಕಾಸು ಎಂಬ ವಿಜ್ಞಾನಿಗಳು ಇದನ್ನು ಚೆನ್ನಾಗಿ ತೋರಿಸಿದರು. ಅವರು ಆರಿಸಿಕೊಂಡದ್ದು ಮೈಕ್ರೊಪ್ಲೈಟಿಸ್ ಎಂಬ ಕಣಜ. ಇದು ಕಾಯಿಕೊರಕ ಜಾತಿಯ ಹುಳುಗಳಲ್ಲಿ ಮೊಟ್ಟೆ ಇಡುತ್ತದೆ. ವೆನಿಲ್ಲಾ, ಚಾಕೊಲೇಟ್ ವಾಸನೆಗಳಲ್ಲಿ ಒಂದನ್ನು ಆಹಾರದ ಜೊತೆ, ಇನ್ನೊಂದನ್ನು ಹುಳುವಿನ ಜೊತೆ ಅದಕ್ಕೆ ಕಲಿಸಿದರು. ಆಮೇಲೆ ಹಸಿದ ಕಣಜ ಆಹಾರದ ವಾಸನೆಯ ಕಡೆ ಹಾರಿತು. ಹೊಟ್ಟೆ ತುಂಬಿದ್ದು ಹುಳುವಿನ ವಾಸನೆಯ ಕಡೆ ಹೋಯಿತು. ಅಷ್ಟು ಚಿಕ್ಕ ತಲೆಯಲ್ಲಿ ಎರಡೂ ನೆನಪು ಒಟ್ಟಿಗೆ ಉಳಿದಿರುತ್ತವೆ, ಯಾವುದು ಬೇಕೋ ಅದು ಮೇಲೆ ಬರುತ್ತದೆ. ನನಗೆ ಇದು ಇವತ್ತಿಗೂ ಬೆರಗು.

ಊಟ ಬಿಟ್ಟು ಮೊಟ್ಟೆಯನ್ನೇ ಇಡುತ್ತಾ ಹೋಗಬಾರದೇ? ಆಗುವುದಿಲ್ಲ. ಇವುಗಳಲ್ಲಿ ಬಹಳಷ್ಟು ಜಾತಿಗಳು ದೊಡ್ಡವಾದ ಮೇಲೆ ಸಕ್ಕರೆಯಿಂದ ಹೊಸ ಕೊಬ್ಬು ಮಾಡಿಕೊಳ್ಳಲಾರವು. ಮರಿಯಾಗಿದ್ದಾಗ ಹುಳುವನ್ನು ತಿಂದು ಪಡೆದ ಕೊಬ್ಬೇ ಅವುಗಳ ಗಂಟು. ಮೊಟ್ಟೆಗೂ ಅದೇ ಬೇಕು. ಮಕರಂದ ಸಿಕ್ಕರೆ ಹಾರಾಟಕ್ಕೆ ಸಕ್ಕರೆ ಸಾಕು, ಗಂಟು ಉಳಿಯುತ್ತದೆ, ಆಯಸ್ಸೂ ಜಾಸ್ತಿ. ಆದರೆ ಹೂವಿನ ಬಳಿ ಕಳೆದ ಹೊತ್ತಿನಲ್ಲಿ ಒಂದು ಹುಳುವೂ ಸಿಗುವುದಿಲ್ಲ. ಕಷ್ಟ ಇರುವುದು ಇಲ್ಲೇ.

ಕೆಲವು ಜಾತಿಗಳು ಬೇರೆ ದಾರಿ ಹಿಡಿದಿವೆ. ಬಿಳಿನೊಣದ ಮರಿಗಳನ್ನು ಹುಡುಕುವ ಎನ್ಕಾರ್ಸಿಯಾ ಎಂಬ ಕಣಜ ಕೆಲವು ಮರಿಗಳಲ್ಲಿ ಮೊಟ್ಟೆ ಇಡುತ್ತದೆ. ಇನ್ನು ಕೆಲವನ್ನು ಚುಚ್ಚಿ ಒಸರುವ ದ್ರವವನ್ನು ಹೀರುತ್ತದೆ. ಅದರ ಪ್ರೋಟೀನಿನಿಂದ ಹೊಸ ಮೊಟ್ಟೆಗಳು ಬಲಿಯುತ್ತವೆ. ಹೀರಿದ ಮರಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಸಿಕ್ಕ ಪ್ರತಿ ಮರಿಯ ಮುಂದೆಯೂ ಅದೇ ಪ್ರಶ್ನೆ: ಇದು ಊಟವೋ, ತೊಟ್ಟಿಲೋ? ಒಳಗೆ ಮೊಟ್ಟೆ ಕಡಿಮೆಯಾಗಿದ್ದರೆ ಊಟವೇ ಗೆಲ್ಲುವುದು ಹೆಚ್ಚು.

ಗಿಡಹೇನುಗಳಲ್ಲಿ ಮೊಟ್ಟೆ ಇಡುವ ಕಣಜಗಳಿಗೆ ಅಲೆದಾಟ ಕಡಿಮೆ. ಹೇನು ಸುರಿಸುವ ಸಿಹಿ ಅಂಟು ಪಕ್ಕದ ಎಲೆಯಲ್ಲೇ ಸಿಗುತ್ತದೆ. ಮಕರಂದದಷ್ಟು ಒಳ್ಳೆಯ ಆಹಾರ ಅಲ್ಲದಿದ್ದರೂ ಹತ್ತಿರದಲ್ಲಿದೆ, ಅಲ್ವಾ? ಎಲೆ ತಿನ್ನುವ ಹುಳುಗಳನ್ನು ಹುಡುಕುವ ಕಣಜಕ್ಕೆ ಆ ಅನುಕೂಲ ಇಲ್ಲ. ಅದು ಹೂವಿಗೆ ಹಾರಲೇಬೇಕು. ಬಹುಪಾಲು ಕಣಜಗಳ ಬಾಯಿ ಗಿಡ್ಡ, ಆಳದ ಹೂವಿನ ಮಕರಂದ ಎಟುಕುವುದಿಲ್ಲ. ಅದಕ್ಕೇ ನಾನು ಬೆಳೆಗಾರರಿಗೆ ಹೇಳುವುದು: ಬದುವಿನಲ್ಲಿ ಕೊತ್ತಂಬರಿ, ಸಬ್ಬಸಿಗೆಯನ್ನು ಕೀಳದೆ ಹೂ ಬಿಡಲು ಬಿಡಿ. ಅವುಗಳ ಮಕರಂದ ತೆರೆದೇ ಇರುತ್ತದೆ. ಊಟ ಬೆಳೆಯ ಹತ್ತಿರವೇ ಸಿಕ್ಕರೆ ಕಣಜ ಬೇಗ ಹುಳುವಿನ ಬೇಟೆಗೆ ಮರಳುತ್ತದೆ.