ಬುಷ್ ಮೇಲಿನ ತೀರ್ಪು: ಯಾವ ಕಡತ ಓದಬೇಕು, ಯಾವ ಕ್ರಮದಲ್ಲಿ

2003ರ ಜನವರಿ 28ರ ರಾತ್ರಿ ಅಮೆರಿಕದ ಸಂಸತ್ತಿನ ಜಂಟಿ ಅಧಿವೇಶನದ ಮುಂದೆ ಆಗಿನ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಮಾಡಿದ ಭಾಷಣವನ್ನು ಒಮ್ಮೆ ಪೂರ್ತಿ ಓದಿ. ಅದರಲ್ಲಿ ಎರಡು ಮಾತುಗಳಿವೆ. ಆಫ್ರಿಕಾ ಮತ್ತು ಕೆರಿಬಿಯನ್ ದೇಶಗಳಲ್ಲಿ ಏಡ್ಸ್ ವಿರುದ್ಧ ಹೋರಾಡಲು ಐದು ವರ್ಷಕ್ಕೆ 1,500 ಕೋಟಿ ಡಾಲರ್ ಕೊಡುತ್ತೇವೆ ಎಂಬುದು ಒಂದು. ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ ಆಫ್ರಿಕಾದಿಂದ ಯುರೇನಿಯಂ ತರಿಸಲು ಯತ್ನಿಸಿದ್ದು ಬ್ರಿಟನ್ ಸರ್ಕಾರಕ್ಕೆ ಗೊತ್ತಾಗಿದೆ ಎಂಬುದು ಇನ್ನೊಂದು. ಮೊದಲನೆಯದು ಪೆಪ್‌ಫಾರ್ ಎಂಬ ಯೋಜನೆಯಾಗಿ ಬೆಳೆಯಿತು. ಅದರಿಂದ ಎರಡೂವರೆ ಕೋಟಿ ಜೀವ ಉಳಿದಿದೆ ಎಂಬುದು ಅಮೆರಿಕ ಸರ್ಕಾರದ ಲೆಕ್ಕ. ಎರಡನೆಯ ಮಾತು ಭಾಷಣದಲ್ಲಿ ಇರಬಾರದಿತ್ತು ಎಂದು ಅದೇ ವರ್ಷದ ಜುಲೈನಲ್ಲಿ ಶ್ವೇತಭವನವೇ ಒಪ್ಪಿಕೊಂಡಿತು.

ಬುಷ್ ಪರ ಇರುವವರು ಇಂದು ಮೊದಲನೆಯದನ್ನು ನೆನಪಿಸುತ್ತಾರೆ, ವಿರೋಧಿಗಳು ಎರಡನೆಯದನ್ನು. ಎರಡೂ ಒಂದೇ ರಾತ್ರಿ ಒಬ್ಬನೇ ಮನುಷ್ಯನ ಬಾಯಿಂದ ಬಂದವು ಎಂಬುದನ್ನು ಒಟ್ಟಿಗೆ ಇಟ್ಟುಕೊಂಡು ಮಾತಾಡುವವರು ಕಡಿಮೆ. ಎಕೋ ಚೇಂಬರ್, ಅಂದರೆ ತಮ್ಮ ಬಣದ ಮಾತೇ ಮತ್ತೆ ಮತ್ತೆ ಕೇಳಿಸುವ ಪ್ರತಿಧ್ವನಿ ಕೋಣೆ, ಕೆಲಸ ಮಾಡುವುದು ಬಹುಮಟ್ಟಿಗೆ ಹೀಗೇ. ಹೇಳಿದ್ದರಲ್ಲಿ ಸುಳ್ಳಿರುವುದಿಲ್ಲ, ಆದರೆ ಪಕ್ಕದ ಸಾಲನ್ನು ಬಿಟ್ಟಿರುತ್ತಾರೆ.

ಶುದ್ಧ ತಪ್ಪು ನಂಬಿಕೆಗಳೂ ಬೆಳೆಯುತ್ತವೆ, ಇಲ್ಲವೆಂದಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಇರಾಕ್ ಯುದ್ಧದ ಕುರಿತು ಮೂರು ತಪ್ಪು ನಂಬಿಕೆಗಳನ್ನು ಪರೀಕ್ಷಿಸಿದರು: ಸಾಮೂಹಿಕ ವಿನಾಶದ ಅಸ್ತ್ರ ಸಿಕ್ಕಿದೆ, ಅಲ್ ಖೈದಾ ನಂಟಿಗೆ ಪುರಾವೆ ಸಿಕ್ಕಿದೆ, ಜಗತ್ತಿನ ಬಹುಪಾಲು ಜನ ಯುದ್ಧದ ಪರ ಇದ್ದಾರೆ. ಬಲಪಂಥದ ಒಲವಿನ ವಾಹಿನಿ ಫಾಕ್ಸ್ ನ್ಯೂಸ್ ಮುಖ್ಯ ಸುದ್ದಿಮೂಲವಾಗಿದ್ದವರಲ್ಲಿ ಶೇ 80ರಷ್ಟು ಮಂದಿ ಇವುಗಳಲ್ಲಿ ಒಂದನ್ನಾದರೂ ನಂಬಿದ್ದರು. ಸಾರ್ವಜನಿಕ ಪ್ರಸಾರವಾದ ಎನ್‌ಪಿಆರ್ ಮತ್ತು ಪಿಬಿಎಸ್ ಅವಲಂಬಿಸಿದವರಲ್ಲಿ ಆ ಪ್ರಮಾಣ ಶೇ 23. ಫಾಕ್ಸ್ ನೋಡುವವರಲ್ಲಿ ಸುದ್ದಿಯನ್ನು ಹೆಚ್ಚು ಗಮನವಿಟ್ಟು ನೋಡಿದವರೇ ಹೆಚ್ಚು ತಪ್ಪು ನಂಬಿದ್ದರು. ಇನ್ನಷ್ಟು ಸುದ್ದಿ ನೋಡಿದರೆ ಸರಿಹೋಗುತ್ತದೆ ಎಂಬ ಸಲಹೆ ಇಲ್ಲಿ ಕೈಕೊಡುತ್ತದೆ. ಎದುರು ಬಣವೂ ಶುದ್ಧವಾಗಿರಲಿಲ್ಲ. ಸೆಪ್ಟೆಂಬರ್ 11ರ ದಾಳಿಗೆ ಸರ್ಕಾರದವರೇ ನೆರವಾದರು ಅಥವಾ ಗೊತ್ತಿದ್ದೂ ಸುಮ್ಮನಿದ್ದರು ಎಂಬುದನ್ನು ನಂಬುವವರು 2006ರ ಒಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದರು.

ಹಾಗಾದರೆ ಅಳೆಯುವುದು ಹೇಗೆ? ಮೊದಲ ಕೆಲಸ, ತೀರ್ಮಾನಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು. ಆ ದಿನ ಮೇಜಿನ ಮೇಲೆ ಯಾವ ಕಾಗದ ಇತ್ತು ಎಂದು ನೋಡದೆ ಕೊಡುವ ತೀರ್ಪು ಬರೀ ಹಿನ್ನೋಟದ ಜಾಣತನ.

2002ರ ಅಕ್ಟೋಬರ್ 1ರ ರಹಸ್ಯ ಗುಪ್ತಚರ ಅಂದಾಜು, ಇರಾಕ್ ಬಳಿ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳಿವೆ, ಅಣ್ವಸ್ತ್ರ ಕಾರ್ಯಕ್ರಮ ಮತ್ತೆ ಶುರುವಾಗಿದೆ ಎಂದಿತು. ಆದರೆ ಅದರೊಳಗೇ ಭಿನ್ನಮತವಿತ್ತು. ಇರಾಕ್ ಕೊಳ್ಳಲೆತ್ನಿಸಿದ ಅಲ್ಯೂಮಿನಿಯಂ ಕೊಳವೆಗಳು ಯುರೇನಿಯಂ ಶುದ್ಧಿಗೆ ಬೇಕಾದ ಸೆಂಟ್ರಿಫ್ಯೂಜ್‌ಗಾಗಿ ಎಂಬ ವಾದವನ್ನು ಇಂಧನ ಇಲಾಖೆಯ ತಜ್ಞರು ಒಪ್ಪಲಿಲ್ಲ. ಅಣ್ವಸ್ತ್ರದ ವಾದವನ್ನೇ ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ ಪ್ರಶ್ನಿಸಿತು. ಮೂರು ದಿನಗಳ ನಂತರ ಜನರಿಗೆಂದು ಹೊರಬಂದ ಆವೃತ್ತಿಯಲ್ಲಿ ಈ ಭಿನ್ನಮತ ಬಹುತೇಕ ಮಾಯವಾಗಿತ್ತು. ಯುದ್ಧಾಧಿಕಾರದ ಮತದಾನ ನಡೆದಾಗ ಕೆಳಮನೆಯಲ್ಲಿ 296–133, ಸೆನೆಟ್‌ನಲ್ಲಿ 77–23. ಪೂರ್ತಿ ರಹಸ್ಯ ಪ್ರತಿ ಓದಿದ ಸೆನೆಟರ್‌ಗಳು ಬೆರಳೆಣಿಕೆಯಷ್ಟು. ಆಗ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದ ಬಾಬ್ ಗ್ರಹಾಂ ಅದನ್ನು ಓದಿ ವಿರುದ್ಧ ಮತ ಹಾಕಿದರು. ಓದದೆ ಪರ ಮತ ಹಾಕಿದ, ಬುಷ್‌ಗೆ ಎದುರು ಪಕ್ಷದವರಾದ ಡೆಮಾಕ್ರಟರ ಹೊಣೆಯೂ ಈ ಲೆಕ್ಕದಲ್ಲಿ ಬರಲೇಬೇಕು.

ಆದರೆ ಅಕ್ಟೋಬರ್‌ನಲ್ಲಿ ನಿಂತುಬಿಡುವುದು ಬುಷ್ ಪರ ವಾದದ ದೊಡ್ಡ ದೋಷ. ನವೆಂಬರ್ ಕೊನೆಗೆ ವಿಶ್ವಸಂಸ್ಥೆಯ ತಪಾಸಕರು ಇರಾಕಿಗೆ ಮರಳಿದರು. ಫೆಬ್ರವರಿ 14ರ ಹೊತ್ತಿಗೆ ಹಾನ್ಸ್ ಬ್ಲಿಕ್ಸ್ ತಂಡ 300ಕ್ಕೂ ಹೆಚ್ಚು ಜಾಗಗಳಲ್ಲಿ 400ಕ್ಕೂ ಹೆಚ್ಚು ತಪಾಸಣೆ ಮುಗಿಸಿತ್ತು, ಅಸ್ತ್ರಗಳ ದಾಸ್ತಾನು ಸಿಕ್ಕಿರಲಿಲ್ಲ. ಮಾರ್ಚ್ 7ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಎಲ್‌ಬರಾದಿ ಭದ್ರತಾ ಮಂಡಳಿಗೆ ಹೋಗಿ, ಆಫ್ರಿಕಾದ ನೈಜರ್ ಜೊತೆಗಿನ ಯುರೇನಿಯಂ ವ್ಯವಹಾರದ ದಾಖಲೆಗಳು ಅಸಲಿಯಲ್ಲ, ಕೊಳವೆಗಳು ಸೆಂಟ್ರಿಫ್ಯೂಜ್‌ಗೆ ಎನ್ನಲು ಆಧಾರವಿಲ್ಲ ಎಂದರು. ದಾಳಿ ಶುರುವಾದದ್ದು ಮಾರ್ಚ್ 20ಕ್ಕೆ. ಅಕ್ಟೋಬರ್‌ನ ನಂಬಿಕೆಗೆ ಕಾರಣವಿತ್ತು ಎಂದು ಒಪ್ಪಿದರೂ ಮಾರ್ಚ್ 7ರ ನಂತರದ ಆ ಹದಿಮೂರು ದಿನಗಳಿಗೆ ಉತ್ತರ ಬೇರೆಯೇ ಬೇಕು. ನನ್ನ ಮಟ್ಟಿಗೆ ಬುಷ್ ಮೇಲಿನ ತೀರ್ಪಿನ ಭಾರವೆಲ್ಲ ಅಲ್ಲಿದೆ. 2016ರಲ್ಲಿ ಬಂದ ಬ್ರಿಟನ್ನಿನ ಇರಾಕ್ ಯುದ್ಧ ತನಿಖೆಯ ಚಿಲ್ಕಾಟ್ ವರದಿಯೂ ಆ ಹೊತ್ತಿಗೆ ಶಾಂತಿಯ ದಾರಿಗಳು ಮುಗಿದಿರಲಿಲ್ಲ ಎಂದಿತು.

‘ಬುಷ್ ಸುಳ್ಳು ಹೇಳಿದ’ ಮತ್ತು ‘ಗುಪ್ತಚರರು ದಾರಿ ತಪ್ಪಿಸಿದರು’ ಎಂಬ ಜಗಳಕ್ಕೆ ಎರಡು ವರದಿಗಳನ್ನು ಒಟ್ಟಿಗೆ ಇಟ್ಟು ಓದಬೇಕು. 2005ರ ಮಾರ್ಚ್‌ನ ಸಿಲ್ಬರ್‌ಮನ್–ರಾಬ್ ಆಯೋಗ, ಯುದ್ಧಪೂರ್ವದ ಗುಪ್ತಚರ ಅಂದಾಜುಗಳೆಲ್ಲ ಹೆಚ್ಚುಕಮ್ಮಿ ಪೂರಾ ತಪ್ಪು, ಆದರೆ ವಿಶ್ಲೇಷಕರ ಮೇಲೆ ರಾಜಕೀಯ ಒತ್ತಡ ಬಂದದ್ದಕ್ಕೆ ಪುರಾವೆ ಕಾಣಲಿಲ್ಲ ಎಂದಿತು. ಪರ ಬಣ ಇದನ್ನೇ ಎತ್ತಿ ಹಿಡಿಯುತ್ತದೆ. ಆ ಮಾಹಿತಿಯನ್ನು ಆಳುವವರು ಹೇಗೆ ಬಳಸಿದರು ಎಂಬುದು ಆಯೋಗದ ವ್ಯಾಪ್ತಿಯಲ್ಲೇ ಇರಲಿಲ್ಲ ಎಂಬ ಸಾಲನ್ನು ಬಿಡುತ್ತದೆ. 2008ರ ಜೂನ್‌ನ ಸೆನೆಟ್ ಸಮಿತಿಯ ವರದಿ ನೋಡಿದ್ದು ಅದನ್ನೇ. ಇರಾಕ್–ಅಲ್ ಖೈದಾ ಪಾಲುದಾರಿಕೆಯ ಮಾತುಗಳಿಗೆ ಗುಪ್ತಚರ ಆಧಾರ ಇರಲಿಲ್ಲ ಎಂದು ಅದು ಹೇಳಿತು. ವಿರೋಧಿ ಬಣದ ಕೈಯಲ್ಲಿರುವುದು ಈ ಪುಟ. ಅಸ್ತ್ರಗಳ ಬಗೆಗಿನ ಹೇಳಿಕೆಗಳಿಗೆ ಬಹುಮಟ್ಟಿಗೆ ಆಗಿನ ಗುಪ್ತಚರ ಮಾಹಿತಿಯ ಆಧಾರವಿತ್ತು, ಅನಿಶ್ಚಿತತೆಯನ್ನು ಮಾತ್ರ ಮುಚ್ಚಿಟ್ಟರು ಎಂದು ಅದೇ ವರದಿ ಹೇಳಿದ್ದನ್ನು ಅವರು ಓದುವುದಿಲ್ಲ. ಎರಡನ್ನೂ ಕೂಡಿಸಿದರೆ ಸಿಗುವ ಚಿತ್ರ ಘೋಷಣೆಗೆ ಒದಗುವಂಥದ್ದಲ್ಲ: ಒಂದು ವಿಷಯದಲ್ಲಿ ಇಲ್ಲದ ಆಧಾರ, ಇನ್ನೊಂದರಲ್ಲಿ ಇದ್ದ ಸಂಶಯವನ್ನು ಅಳಿಸಿ ಕೊಟ್ಟ ಖಚಿತತೆ.

ಸತ್ತವರ ಲೆಕ್ಕದಲ್ಲಂತೂ ಪ್ರತಿ ಬಣಕ್ಕೂ ಒಂದೊಂದು ಅಂಕಿ. 2003ರ ಮಾರ್ಚ್‌ನಿಂದ 2006ರ ನಡುವಿನವರೆಗೆ, ಹೆಚ್ಚುಕಮ್ಮಿ ಒಂದೇ ಅವಧಿಗೆ, ಇರಾಕ್ ಬಾಡಿ ಕೌಂಟ್ ಕೊಟ್ಟದ್ದು 47 ಸಾವಿರದ ಆಸುಪಾಸು, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇರಾಕ್ ಸರ್ಕಾರದ ಸಮೀಕ್ಷೆ ಕೊಟ್ಟದ್ದು 1,51,000, ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ಕೊಟ್ಟದ್ದು 6,55,000. ಮೊದಲನೆಯದು ಪತ್ರಿಕೆ, ಶವಾಗಾರ, ಆಸ್ಪತ್ರೆಗಳಲ್ಲಿ ದಾಖಲಾದ ನಾಗರಿಕರ ಹಿಂಸಾತ್ಮಕ ಸಾವುಗಳ ಎಣಿಕೆ. ಅದು ಕನಿಷ್ಠ ಮಟ್ಟ, ದಾಖಲಾಗದ ಸಾವು ಅಲ್ಲಿಲ್ಲ. ಎರಡನೆಯದು 9,345 ಮನೆಗಳ ಸಮೀಕ್ಷೆಯಿಂದ ತೆಗೆದ ಹಿಂಸಾತ್ಮಕ ಸಾವುಗಳ ಅಂದಾಜು. ಮೂರನೆಯದು 1,849 ಮನೆಗಳನ್ನು ಆಧರಿಸಿದ್ದು. ಯುದ್ಧವಿಲ್ಲದಿದ್ದರೆ ಆಗುತ್ತಿರಲಿಲ್ಲ ಎನ್ನಬಹುದಾದ ಎಲ್ಲ ಹೆಚ್ಚುವರಿ ಸಾವುಗಳ ಅಂದಾಜು ಅದು, ಅದರ ದೋಷದ ವ್ಯಾಪ್ತಿಯೇ ಸುಮಾರು 3.9 ಲಕ್ಷದಿಂದ 9.4 ಲಕ್ಷ. ಕೊನೆಯೆರಡರ ಅಂತರ ವ್ಯಾಖ್ಯಾನದಿಂದಷ್ಟೇ ಬಂದದ್ದಲ್ಲ. ಲ್ಯಾನ್ಸೆಟ್ ಅಧ್ಯಯನದ ಹಿಂಸಾತ್ಮಕ ಸಾವುಗಳೇ 6 ಲಕ್ಷದಷ್ಟಿವೆ, ಮಾದರಿ ಆರಿಸಿದ ಕ್ರಮದ ಬಗ್ಗೆ ಗಂಭೀರ ಆಕ್ಷೇಪಗಳೂ ಬಂದಿವೆ. ಯಾರಾದರೂ ಒಂದೇ ಅಂಕಿ ಹೇಳಿದರೆ ಯಾವ ಅವಧಿ, ಯಾವ ಬಗೆಯ ಸಾವು, ಹೇಗೆ ಎಣಿಸಿದ್ದು ಎಂಬ ಮೂರನ್ನು ಕೇಳಿ. ಅತಿ ಕಡಿಮೆ ಅಂಕಿಯನ್ನೇ ಹಿಡಿದರೂ ಇದು ಭೀಕರ ಲೆಕ್ಕ. ಅದನ್ನು ತೋರಿಸಲು ಉಬ್ಬಿಸುವ ಅಗತ್ಯವೇ ಇಲ್ಲ.

ಫಲಿತಾಂಶಕ್ಕೆ ಒಂದೇ ಕಾರಣ ಅಂಟಿಸುವುದು ಇನ್ನೊಂದು ಬಲೆ. 2007ರ ಜನವರಿಯಲ್ಲಿ ಬುಷ್ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಹೆಚ್ಚುವರಿಯಾಗಿ ಕಳಿಸಿದರು. ಸ್ವಪಕ್ಷದವರೂ ಬೇಡವೆಂದಾಗ ತೆಗೆದುಕೊಂಡ ತೀರ್ಮಾನ ಅದು. ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕರು 2007ರಲ್ಲಿ 904, 2008ರಲ್ಲಿ 314. ಶ್ರೇಯಸ್ಸಿನ ಪಾಲು ಬುಷ್‌ಗೆ ಸಲ್ಲಬೇಕು. ಆದರೆ ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳು ಅಲ್ ಖೈದಾ ವಿರುದ್ಧ ತಿರುಗಿಬಿದ್ದದ್ದು 2006ರ ಸೆಪ್ಟೆಂಬರ್‌ನಲ್ಲಿ, ಅಂದರೆ ಆ ಪಡೆ ಬರುವ ಮೊದಲು. ಶಿಯಾ ಸಶಸ್ತ್ರ ಬಣದ ನಾಯಕ ಮುಕ್ತದಾ ಅಲ್ ಸದರ್ ಕದನವಿರಾಮ ಸಾರಿದ್ದು 2007ರ ಆಗಸ್ಟ್‌ನಲ್ಲಿ. ಬಾಗ್ದಾದಿನ ಬಡಾವಣೆಗಳಲ್ಲಿ ಶಿಯಾ, ಸುನ್ನಿಗಳು ಅಷ್ಟರಲ್ಲಿ ಬೇರೆಯಾಗಿ ಹೋಗಿದ್ದರು. ಇನ್ನು ಒಬಾಮಾ ಸೇನೆ ವಾಪಸ್ ಕರೆಸಿಕೊಂಡದ್ದರಿಂದಲೇ ಐಸಿಸ್ ಹುಟ್ಟಿತು ಎನ್ನುವವರು ಗಮನಿಸಬೇಕು: 2011ರ ಕೊನೆಯ ಆ ಗಡುವಿಗೆ 2008ರಲ್ಲಿ ಒಪ್ಪಿದ್ದು ಬುಷ್ ಸರ್ಕಾರವೇ. ಇರಾಕಿ ಸೇನೆಯನ್ನು 2003ರ ಮೇ 23ರ ಒಂದೇ ಆದೇಶದಲ್ಲಿ ವಿಸರ್ಜಿಸಿ, ಬಂದೂಕು ಹಿಡಿದು ಬಲ್ಲ ಲಕ್ಷಾಂತರ ಜನರನ್ನು ಸಂಬಳವಿಲ್ಲದೆ ಬೀದಿಗೆ ಬಿಟ್ಟದ್ದೂ ಇರಾಕಿನ ಆಡಳಿತ ನೋಡಿಕೊಳ್ಳಲು ಬುಷ್ ನೇಮಿಸಿದ ಪಾಲ್ ಬ್ರೆಮರ್ ಅವರೇ.

ಜನಪ್ರಿಯತೆಯ ಅಂಕಿಯನ್ನು ತೀರ್ಪಾಗಿ ತೆಗೆದುಕೊಳ್ಳಬಾರದು. ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ 2001ರ ಸೆಪ್ಟೆಂಬರ್ 11ರ ದಾಳಿಗೆ ಮುಂಚಿನ ದಿನಗಳಲ್ಲಿ ಶೇ 51, ದಾಳಿಯ ಬಳಿಕ ಶೇ 90, 2008ರ ಅಕ್ಟೋಬರ್‌ನಲ್ಲಿ ಶೇ 25. 2018ರ ಸಿಎನ್‌ಎನ್ ಸಮೀಕ್ಷೆಯಲ್ಲಿ ಮತ್ತೆ ಶೇ 61 ಮಂದಿಗೆ ಒಳ್ಳೆಯ ಅಭಿಪ್ರಾಯ, ಡೆಮಾಕ್ರಟರಲ್ಲೂ ಅರ್ಧಕ್ಕಿಂತ ಹೆಚ್ಚು. ಆ ಏರಿಕೆಗೆ ಇರಾಕಿನ ಹೊಸ ಕಡತವೇನೂ ಕಾರಣವಲ್ಲ. ಆಗ ಶ್ವೇತಭವನದಲ್ಲಿ ಟ್ರಂಪ್ ಇದ್ದರು, ಹೋಲಿಕೆ ಬದಲಾಗಿತ್ತು.

ಬುಷ್ ಅಭಿಮಾನಿಗಳ ಪ್ರಿಯ ವಾದ ಟ್ರೂಮನ್: ಅಧಿಕಾರದಲ್ಲಿದ್ದಾಗ ಜನರಿಗೆ ಬೇಡವಾಗಿದ್ದ ಆ ಅಧ್ಯಕ್ಷರನ್ನು ಇತಿಹಾಸ ಮೇಲೆತ್ತಿತು, ಬುಷ್ ಅವರನ್ನೂ ಎತ್ತುತ್ತದೆ ಎಂಬುದು. 1952ರ ಫೆಬ್ರವರಿಯಲ್ಲಿ, ಕೊರಿಯಾ ಯುದ್ಧದ ನಡುವೆ, ಟ್ರೂಮನ್ ಜನಪ್ರಿಯತೆ ಶೇ 22 ಇತ್ತು. ಇತಿಹಾಸಕಾರರಿಂದ ಅಧ್ಯಕ್ಷರಿಗೆ ಅಂಕ ಕೊಡಿಸಿ ಅಮೆರಿಕದ ಸಿ-ಸ್ಪ್ಯಾನ್ ವಾಹಿನಿ ಮಾಡುವ ಪಟ್ಟಿಯಲ್ಲಿ ಅವರು 2000ದಲ್ಲಿ 5ನೆಯವರು, 2021ರಲ್ಲಿ 6ನೆಯವರು. ಬುಷ್ ಕೂಡ 2009ರ 36ನೇ ಸ್ಥಾನದಿಂದ 2021ರಲ್ಲಿ 29ಕ್ಕೆ ಬಂದಿದ್ದಾರೆ, ನಿಜ. ಆದರೆ ಟ್ರೂಮನ್ ಮೇಲೇರಿದ್ದು ಕಾಲ ಕಳೆದದ್ದರಿಂದಲೇ ಅಲ್ಲ. ಯುದ್ಧದಿಂದ ನಲುಗಿದ ಯುರೋಪಿಗೆ ನೆರವಾದ ಮಾರ್ಷಲ್ ಯೋಜನೆ, ಸೋವಿಯತ್ ದಿಗ್ಬಂಧನದ ನಡುವೆ ನಡೆದ ಬರ್ಲಿನ್ ವಿಮಾನ ಸಾಗಣೆ, 1949ರ ನೇಟೋ, ಸೇನೆಯಲ್ಲಿ ವರ್ಣಭೇದ ತೆಗೆದ 1948ರ ಆದೇಶ, ಇವೆಲ್ಲ ಅವರು ಹೋದ ಮೇಲೂ ನಿಂತು ಕೆಲಸ ಮಾಡಿದವು. 1950ರಲ್ಲಿ ಎರಡು ಕೊರಿಯಾಗಳ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿ ಚೀನಾವನ್ನು ಯುದ್ಧಕ್ಕೆ ಎಳೆದ ತಪ್ಪು ಇಂದಿಗೂ ಅವರ ಖಾತೆಯಲ್ಲೇ ಇದೆ. 1960ರ ದಶಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಇನ್ನೂ ಸ್ಪಷ್ಟ ಉದಾಹರಣೆ. ವಿಯೆಟ್ನಾಂ ಹೊಣೆ ಹೊತ್ತೂ ಅವರು 11ರ ಆಸುಪಾಸಿನಲ್ಲಿದ್ದಾರೆ. ಆ ಪಟ್ಟಿ ಹತ್ತು ಬಾಬುಗಳಲ್ಲಿ ಪ್ರತ್ಯೇಕ ಅಂಕ ಕೊಡುತ್ತದೆ, ನಾಗರಿಕ ಹಕ್ಕು ಕಾಯ್ದೆಯ ಅಂಕ ಒಂದು ಕಡೆ, ಯುದ್ಧದ ಅಂಕ ಇನ್ನೊಂದು ಕಡೆ ಬೀಳುತ್ತದೆ. ಒಟ್ಟು ಸ್ಥಾನ ಬಿಟ್ಟು ಬಾಬುವಾರು ಅಂಕ ನೋಡುವುದೇ ಉಪಯುಕ್ತ.

ಭಾರತದಲ್ಲಿ ನಮಗೂ ಒಂದು ಪ್ರತಿಧ್ವನಿ ಕೋಣೆ ಇದೆ. ಇಲ್ಲಿ ಬುಷ್ ಎಂದರೆ ಅಣು ಒಪ್ಪಂದ. 2005ರ ಜುಲೈ 18ರ ಜಂಟಿ ಹೇಳಿಕೆ, ಅಣು ಇಂಧನದ ಆಮದಿಗೆ ದಾರಿ ತೆರೆದ 2008ರ ಸೆಪ್ಟೆಂಬರ್‌ನ ಅಣು ಪೂರೈಕೆದಾರರ ಕೂಟದ ವಿನಾಯಿತಿ, ಭಾರತದ ಜನ ನಿಮ್ಮನ್ನು ಆಳವಾಗಿ ಪ್ರೀತಿಸುತ್ತಾರೆ ಎಂದು ಮನಮೋಹನ್ ಸಿಂಗ್ ಎದುರಿಗೇ ಹೇಳಿದ್ದು. ಲಾಭ ಸುಳ್ಳಲ್ಲ. ನಮ್ಮ ಕೈಗಾದ 4ನೇ ಘಟಕ ಯುರೇನಿಯಂ ಕೊರತೆಯಿಂದ ತಡವಾಗಿ 2011ರ ಜನವರಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಕೈಗಾ ಅಂತರರಾಷ್ಟ್ರೀಯ ತಪಾಸಣೆಯ ಪಟ್ಟಿಯಲ್ಲಿಲ್ಲ, ಆದ್ದರಿಂದ ಆಮದು ಇಂಧನ ಅಲ್ಲಿಗೆ ಬರುವಂತಿಲ್ಲ. ಬೇರೆ ಸ್ಥಾವರಗಳು ಆಮದಿಗೆ ಬದಲಾದಷ್ಟೂ ದೇಶದ ಯುರೇನಿಯಂ ಕೈಗಾದಂಥವಕ್ಕೆ ಉಳಿಯುತ್ತದೆ. ಇದೇ ಭಾರತದ ಲೋಕಸಭೆ 2003ರ ಏಪ್ರಿಲ್‌ನಲ್ಲಿ ಇರಾಕ್ ದಾಳಿಯನ್ನು ನಿಂದಿಸಿ ನಿರ್ಣಯ ಮಾಡಿತ್ತು, ಜುಲೈ 14ರಂದು ವಾಜಪೇಯಿ ಸರ್ಕಾರ ಸೇನೆ ಕಳಿಸಲು ಒಪ್ಪಲಿಲ್ಲ. ಒಪ್ಪಂದ ನೆನಪಿಟ್ಟುಕೊಂಡವರು ಈ ಎರಡನ್ನೂ ಜೊತೆಗಿಟ್ಟುಕೊಳ್ಳಬೇಕು.

ಬುಷ್ ಆಡಳಿತದ ಕಾಗದಗಳು ಡಲ್ಲಾಸ್‌ನ ಗ್ರಂಥಾಲಯದಲ್ಲಿವೆ. ಅಧ್ಯಕ್ಷೀಯ ದಾಖಲೆ ಕಾಯ್ದೆಯ ಹನ್ನೆರಡು ವರ್ಷಗಳ ನಿರ್ಬಂಧ 2021ರ ಜನವರಿಯಲ್ಲಿ ಮುಗಿಯಿತು. ರಾಷ್ಟ್ರೀಯ ಭದ್ರತೆಯ ಕಡತಗಳಿಗೆ ಮಾತ್ರ ರಹಸ್ಯಮುಕ್ತಿಯ ಪರಿಶೀಲನೆ ಬೇರೆಯೇ ಆಗಬೇಕು, ಅದು ನಿಧಾನ. ಯುದ್ಧದ ತೀರ್ಮಾನ ಯಾವ ದಿನ, ಯಾವ ಸಭೆಯಲ್ಲಿ ಆಯಿತು? ಇರಾಕ್ ಅಪಾಯ ಎಷ್ಟು ಸನಿಹ ಎಂಬ ಬಗ್ಗೆ ತನಗೆ ತಿಳಿದಂತೆ ಆಡಳಿತದೊಳಗೆ ಗಂಭೀರ ಚರ್ಚೆಯೇ ನಡೆಯಲಿಲ್ಲ ಎಂದು ಸಿಐಎ ಮುಖ್ಯಸ್ಥರಾಗಿದ್ದ ಜಾರ್ಜ್ ಟೆನೆಟ್ ಬರೆದರು. ವಾಷಿಂಗ್ಟನ್ನಿನಲ್ಲಿ ಯುದ್ಧ ಅನಿವಾರ್ಯವೆಂಬ ಭಾವನೆ ಮೂಡಿದೆ ಎಂದು 2002ರ ಜುಲೈ 23ರ ಬ್ರಿಟಿಷ್ ಸಭಾ ಟಿಪ್ಪಣಿಯಲ್ಲಿದೆ. ಅಂದಿನಿಂದ ಮಾರ್ಚ್ 20ರವರೆಗಿನ ಎಂಟು ತಿಂಗಳ ಶ್ವೇತಭವನದ ಟಿಪ್ಪಣಿಗಳು ಹೊರಬಂದರೆ ಮೊದಲು ತಿದ್ದಬೇಕಾದ ಸಾಲು ತಪಾಸಕರ ಬಗೆಗಿನದು: ಅವರ ವರದಿಯನ್ನು ಬುಷ್ ಓದಿ ತಳ್ಳಿಹಾಕಿದರೋ, ಅಷ್ಟರಲ್ಲಿ ಅದು ಯಾರಿಗೂ ಬೇಡವಾಗಿತ್ತೋ.